ಸರಾಸರಿ ಮನುಷ್ಯನನ್ನು ಹುಡುಕಿದ ಖಗೋಳ ವಿಜ್ಞಾನಿ

ಸ್ಕಾಟ್ಲೆಂಡಿನ 5,738 ಸೈನಿಕರ ಎದೆಯ ಸುತ್ತಳತೆಯ ಪಟ್ಟಿಯೊಂದಿದೆ. 33 ಇಂಚಿನವರು ಮೂವರೇ. ಸಂಖ್ಯೆ ಏರುತ್ತಾ ಹೋಗಿ 39 ಇಂಚಿನವರು 1,073, 40 ಇಂಚಿನವರು 1,079. ಅಲ್ಲಿಂದ ಇಳಿಯುತ್ತಾ ಬಂದು 48 ಇಂಚಿನವನು ಒಬ್ಬನೇ ಒಬ್ಬ. 1817ರಲ್ಲಿ ಎಡಿನ್‌ಬರೋದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದ್ದ ಈ ಅಂಕಿಗಳಲ್ಲಿ ನಿಸರ್ಗದ ನಿಯಮವೊಂದನ್ನು ಕಂಡವರು ಬೆಲ್ಜಿಯಂನ ಅಡಾಲ್ಫ್ ಕೆಟೆಲೆ (1796–1874).

ಅವರು ಖಗೋಳ ವಿಜ್ಞಾನಿ. ಬ್ರಸೆಲ್ಸ್‌ನಲ್ಲಿ ವೀಕ್ಷಣಾಲಯ ಕಟ್ಟುವ ಸಲುವಾಗಿ 1823ರಲ್ಲಿ ಪ್ಯಾರಿಸ್‌ಗೆ ಹೋದಾಗ ಸಂಭವನೀಯತೆಯ ಗಣಿತದ ರುಚಿ ಹತ್ತಿತು. ಒಂದೇ ನಕ್ಷತ್ರದ ಸ್ಥಾನವನ್ನು ಮತ್ತೆ ಮತ್ತೆ ಅಳೆದರೆ ಉತ್ತರಗಳು ಬೇರೆಬೇರೆ ಬರುತ್ತವೆ. ಆದರೆ ಆ ತಪ್ಪುಗಳಿಗೂ ಒಂದು ಶಿಸ್ತಿದೆ: ಸಣ್ಣವು ಹೆಚ್ಚು, ದೊಡ್ಡವು ವಿರಳ. ಸೈನಿಕರ ಪಟ್ಟಿಯಲ್ಲೂ ಅದೇ ಏರಿಳಿತ! ಒಬ್ಬನೇ ಆದರ್ಶ ಸೈನಿಕನನ್ನು ಸಾವಿರಾರು ಸಲ ಅಳೆದಂತಿದೆ ಎಂದುಕೊಂಡರು ಕೆಟೆಲೆ. 'ಸರಾಸರಿ ಮನುಷ್ಯ'ನ ಕಲ್ಪನೆಗೆ ಇದರಿಂದ ಬಲ ಬಂತು.

ಈ ಗಣಿತಕ್ಕೆ ಕಳ್ಳರನ್ನು ಹಿಡಿಯುವ ಶಕ್ತಿಯೂ ಇತ್ತು. ಫ್ರಾನ್ಸ್‌ನಲ್ಲಿ ಸೇನೆಗೆ ಕರೆಬಂದ ಒಂದು ಲಕ್ಷ ಯುವಕರ ಎತ್ತರವನ್ನು ಅವರು ಪರಿಶೀಲಿಸಿದರು. 1.57 ಮೀಟರ್‌ಗಿಂತ ಕುಳ್ಳಗಿದ್ದವರಿಗೆ ಸೇವೆಯಿಂದ ವಿನಾಯಿತಿ. ಆ ಗೆರೆಯ ಕೆಳಗೆ ನಿರೀಕ್ಷೆಗಿಂತ ಹೆಚ್ಚು ಜನ, ಸ್ವಲ್ಪ ಮೇಲೆ ಕಡಿಮೆ ಜನ. ಸುಮಾರು 2,000 ಮಂದಿ ಸುಳ್ಳು ಅಳತೆ ಬರೆಸಿ ತಪ್ಪಿಸಿಕೊಂಡಿದ್ದಾರೆಂದು ಅವರು ಲೆಕ್ಕ ಹಾಕಿದರು.

1835ರ ತಮ್ಮ ಪುಸ್ತಕದಲ್ಲಿ ಅವರು ಅಪರಾಧಗಳ ಕಡೆಗೂ ತಿರುಗಿದರು. ಫ್ರಾನ್ಸ್‌ನಲ್ಲಿ ವರ್ಷಕ್ಕೆ ಎಷ್ಟು ಕೊಲೆ, ಯಾವ ಆಯುಧದಿಂದ ಎಷ್ಟು ಎಂಬುದೆಲ್ಲ ಹೆಚ್ಚುಕಡಿಮೆ ಅಷ್ಟಷ್ಟೇ. ಹಾಗಿದ್ದರೆ ಅಪರಾಧದ ಬೇರು ಸಮಾಜದಲ್ಲೇ ಇದೆ, ಪರಿಸ್ಥಿತಿ ಸುಧಾರಿಸಿದರೆ ಅಪರಾಧವೂ ತಗ್ಗುತ್ತದೆ ಎಂಬುದು ಅವರ ವಾದ. ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಕೊಡುಗೆ ಇದೇ.

ಅವರು ಎಡವಿದ್ದು ಸರಾಸರಿಯನ್ನೇ ಆದರ್ಶವೆಂದು ನಂಬಿದ್ದರಲ್ಲಿ. ನಕ್ಷತ್ರದ ಅಳತೆಯಲ್ಲಿನ ವ್ಯತ್ಯಾಸ ನಿಜಕ್ಕೂ ತಪ್ಪು; ಮನುಷ್ಯರ ನಡುವಿನ ವ್ಯತ್ಯಾಸ ತಪ್ಪಲ್ಲ, ಅದು ಜೀವದ ಸ್ವಭಾವ.

ವಯಸ್ಕರ ತೂಕ ಎತ್ತರದ ವರ್ಗಕ್ಕೆ (ಎತ್ತರ × ಎತ್ತರ) ಅನುಗುಣವಾಗಿರುತ್ತದೆಂದು ಗುರುತಿಸಿದವರೂ ಕೆಟೆಲೆಯೇ. ಆ ಅನುಪಾತಕ್ಕೆ 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 'ಬಾಡಿ ಮಾಸ್ ಇಂಡೆಕ್ಸ್' (ಬಿಎಂಐ) ಎಂದು ಹೆಸರಿಟ್ಟರು. ಜನಸಮೂಹವನ್ನು ಅರಿಯಲು ಹುಟ್ಟಿದ ಈ ಬಿಎಂಐ ಇಂದು ಒಬ್ಬೊಬ್ಬರ ಆರೋಗ್ಯ ವರದಿಯಲ್ಲೂ ಕೂತಿದೆ. ಕೊಬ್ಬು ಯಾವುದು, ಸ್ನಾಯು ಯಾವುದು ಎಂಬುದು ಅದಕ್ಕೆ ತಿಳಿಯದು. ಆ ಒಂದೇ ಅಂಕಿ ನೋಡಿ ಗಾಬರಿಯೂ ಬೇಡ, ನೆಮ್ಮದಿಯೂ ಬೇಡ. ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ ಪ್ರಮಾಣವನ್ನೂ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ.