ಕಂಠ ಉಳಿಯಲು ಡ್ರೈವರ್ ಉಳಿಯಬೇಕು

ಆನೆಗೊಂದಿಯಿಂದ ಕೊಪ್ಪಳದವರೆಗಿನ ಹಳ್ಳಿಗಳಲ್ಲಿ ಸೋಬಾನೆ, ಭಜನೆ, ಬಯಲಾಟದ ಪದಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಇದೇ ಜಿಲ್ಲೆಯ ಮೊರನಾಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಗೊಂಬೆಯನ್ನು ವಸ್ತು ಸಂಗ್ರಹಾಲಯದಲ್ಲಿ ಇಡಬಹುದು. ಗೊಂಬೆಗೆ ಮಾತು ಕೊಡುವ ಕಂಠವನ್ನು ಉಳಿಸಿಕೊಳ್ಳಲು ಧ್ವನಿಮುದ್ರಣದ ಹೊರತು ಬೇರೆ ದಾರಿಯಿಲ್ಲ.

ಮೊಬೈಲ್ ಸಾಲದೇ? ನೆನಪಿಗೆ ಸಾಕು. ಆದರೆ ಹಾಡುಗಾರರು, ಹಾರ್ಮೋನಿಯಂ, ಮದ್ದಳೆ ಇವನ್ನು ಬೇರೆ ಬೇರೆ ಮೈಕುಗಳಲ್ಲಿ ಹಿಡಿದು ಮುಂದೆ ಹದಗೊಳಿಸಬೇಕಾದರೆ ಮೈಕಿಗೂ ಗಣಕಯಂತ್ರಕ್ಕೂ ನಡುವೆ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಬೇಕು. ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವುದು, ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಒದಗಿಸುವುದು, ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿಸುವುದು ಅದರ ಕೆಲಸ. ಪೆಟ್ಟಿಗೆಯ ಭಾಷೆಯನ್ನು ಗಣಕಕ್ಕೆ ತಿಳಿಯಪಡಿಸುವ ತಂತ್ರಾಂಶವೇ ಡ್ರೈವರ್.

ತೊಡಕು ಇರುವುದು ಇಲ್ಲೇ. ಡ್ರೈವರ್ ಸಾಮಾನ್ಯವಾಗಿ ತಯಾರಕರ ಸ್ವತ್ತು. ಕಾರ್ಯಾಚರಣ ವ್ಯವಸ್ಥೆಯ ಹೊಸ ಆವೃತ್ತಿ ಬಂದಾಗ, ಮಾರಿ ಮುಗಿದ ಪೆಟ್ಟಿಗೆಗೆ ಮತ್ತೆ ಡ್ರೈವರ್ ಬರೆಯುವುದರಿಂದ ಅವರಿಗೆ ಲಾಭವಿಲ್ಲ. ಹೀಗಾಗಿ ಕೆಡದ ಯಂತ್ರವೂ ಮೂಲೆ ಸೇರುತ್ತದೆ. ಆಪಲ್ ಕಂಪನಿಯು 2025ರ ಮ್ಯಾಕ್ ಓಎಸ್ 26ರಲ್ಲಿ ಫೈರ್‌ವೈರ್ ಬೆಂಬಲವನ್ನೇ ಕೈಬಿಟ್ಟಿತು. ಒಂದು ಕಾಲಕ್ಕೆ ದುಬಾರಿ ಬೆಲೆ ತೆತ್ತು ಕೊಂಡ ಫೈರ್‌ವೈರ್ ಸ್ಟುಡಿಯೊ ಪೆಟ್ಟಿಗೆಗಳು ಆ ಆವೃತ್ತಿಯಲ್ಲಿ ಮೂಕವಾದವು. ಅಂಥವುಗಳಲ್ಲಿ ಹಲವು ಲಿನಕ್ಸ್‌ನಲ್ಲಿ ಇನ್ನೂ ನುಡಿಯುತ್ತವೆ. ಅಲ್ಲಿ ಡ್ರೈವರಿನ ಮೂಲ ಸಂಕೇತ ಬಹಿರಂಗವಾಗಿರುವುದರಿಂದ, ಕಂಪನಿ ಕೈಬಿಟ್ಟರೂ ಬಲ್ಲವರು ಯಾರಾದರೂ ಅದನ್ನು ದುರಸ್ತಿ ಮಾಡಬಲ್ಲರು.

ಲಿನಕ್ಸ್‌ನ ಧ್ವನಿ ವ್ಯವಸ್ಥೆಯ ಹೆಸರು ಅಲ್ಸಾ. ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಒಂದು ಸೌಂಡ್ ಕಾರ್ಡ್‌ಗಾಗಿ ಆರಂಭಿಸಿದ ಈ ಕೆಲಸ 2002ರಲ್ಲಿ ಲಿನಕ್ಸ್ ಕರ್ನಲ್ಲಿನ ಭಾಗವಾಯಿತು. ಯಂತ್ರದ ಒಳಗುಟ್ಟನ್ನು ಬಿಟ್ಟುಕೊಡುವ ಔದಾರ್ಯ ಎಲ್ಲ ತಯಾರಕರಲ್ಲೂ ಇರುವುದಿಲ್ಲ. ಆಗ ಪತ್ತೇದಾರಿಕೆಯೇ ಗತಿ. ಫೋಕಸ್‌ರೈಟ್ ಸ್ಕಾರ್ಲೆಟ್ ಪೆಟ್ಟಿಗೆಗಳು ಲಿನಕ್ಸ್‌ನಲ್ಲಿ ಧ್ವನಿಯನ್ನೇನೋ ಹಿಡಿಯುತ್ತಿದ್ದವು. ಆದರೆ ಒಳಗಿನ ಮಿಕ್ಸರ್ ಕೈಗೆ ಸಿಗುತ್ತಿರಲಿಲ್ಲ. ಎರಡನೇ ತಲೆಮಾರಿನ ಸ್ಕಾರ್ಲೆಟ್‌ಗಾಗಿ ಆಸ್ಟ್ರೇಲಿಯಾದ ಜೆಫ್ರಿ ಬೆನೆಟ್, ಕಂಪನಿಯ ತಂತ್ರಾಂಶ ಯುಎಸ್‌ಬಿ ತಂತಿಯಲ್ಲಿ ಕಳುಹಿಸುವ ಸಂದೇಶಗಳನ್ನು ಗಮನಿಸಿ ಡ್ರೈವರ್ ಬರೆದರು. ಅದು 2019ರಲ್ಲಿ ಕರ್ನಲ್ 5.4ಕ್ಕೆ ಸೇರಿತು.

ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಸಣ್ಣ ಸ್ಟುಡಿಯೊ ತೆರೆಯುವವರು ಹೊಳಪಿನ ಜಾಹೀರಾತಿಗಿಂತ ಮೊದಲು ನೋಡಬೇಕಾದದ್ದು, ಪೆಟ್ಟಿಗೆ 'ಕ್ಲಾಸ್ ಕಂಪ್ಲಯಂಟ್' ಹೌದೇ ಎಂಬುದನ್ನು. ಎಂದರೆ ಅದು ಯುಎಸ್‌ಬಿ ಆಡಿಯೊದ ಸಾರ್ವಜನಿಕ ನಿಯಮಕ್ಕೆ ಬದ್ಧ; ಪ್ರತ್ಯೇಕ ಡ್ರೈವರ್ ಬೇಡ. ಆ ನಿಯಮದ 2006ರ ಎರಡನೇ ಆವೃತ್ತಿಗೆ ವಿಂಡೋಸ್ ಸ್ವತಃ ಬೆಂಬಲ ನೀಡಿದ್ದು 2017ರಲ್ಲಿ. ಲಿನಕ್ಸ್ ಅದಕ್ಕೂ ಬಹಳ ಮುಂಚೆಯೇ ನೀಡಿತ್ತು. ಕೊಳ್ಳುವ ಮುನ್ನ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಚಾಲೂ ಮಾಡಿ, ಅಂಗಡಿಯಲ್ಲೇ ಮೈಕು ಚುಚ್ಚಿ ಪರೀಕ್ಷಿಸಬಹುದು. ಮಿಕ್ಸರಿನ ಗುಂಡಿಗಳೂ ಪರದೆಯ ಮೇಲೆ ಕಾಣುತ್ತವೆಯೇ ಎಂಬುದನ್ನು ಅಲ್ಲೇ ಖಚಿತಪಡಿಸಿಕೊಳ್ಳುವುದು ಒಳಿತು.