ಸೀಟು ಮೆತ್ತಗಿದ್ದರೂ ನೋವೇಕೆ?

ಪ್ರಶ್ನೆ: ಬೈಕಿನ ಸೀಟು ಮೆತ್ತಗಿದೆ. ಆದರೂ ನೂರು ಕಿ.ಮೀ. ದಾಟುವಷ್ಟರಲ್ಲಿ ಕೂರಲಾಗುವುದಿಲ್ಲ. ಏಕೆ?

ಉತ್ತರ: ಮೆತ್ತಗಿರುವುದೇ ತೊಂದರೆ. ಕೂತಾಗ ಮೈಭಾರದ ಬಹುಪಾಲು ಪೃಷ್ಠದ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಮೆದು ಫೋಮ್ ಅಲ್ಲಿ ಪೂರ್ತಿ ಅದುಮಿಹೋಗಿ, ಅಡಿಯ ಗಟ್ಟಿ ತಳವೇ ಒತ್ತಿದಂತಾಗುತ್ತದೆ. ರಕ್ತದ ಓಡಾಟ ಕುಗ್ಗಿ ಜೋಮು ಹಿಡಿಯುತ್ತದೆ. ತುಸು ಗಟ್ಟಿ ಫೋಮ್ ಆ ಭಾರವನ್ನು ತೊಡೆಯವರೆಗೂ ಹಂಚುತ್ತದೆ. ಸೀಟು ಹೊಲಿಯುವವರು ರೆಕ್ಸಿನ್ ಬಿಚ್ಚಿ, ಹಳೆ ಫೋಮ್ ಕೆತ್ತಿ, ಗಟ್ಟಿ ಪದರ ಅಂಟಿಸಿಕೊಡುತ್ತಾರೆ. ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿದ್ದರೆ ಅದನ್ನೂ ಮಟ್ಟ ಮಾಡಿಸಿ. ಸೀಟಿಗೆ ಹಾಕುವ ಜೆಲ್ ಪದರದ ಮೇಲೆ ನನಗೆ ಅಷ್ಟು ಒಲವಿಲ್ಲ, ಬಿಸಿಲಲ್ಲಿ ನಿಲ್ಲಿಸಿದರೆ ಕಾದುಬಿಡುತ್ತದೆ. ಕಾಲು ನೆಲಕ್ಕೆ ಎಟುಕಲೆಂದು ಫೋಮ್ ತೆಗೆಸಿದರೆ ಮಂಡಿ ಇನ್ನಷ್ಟು ಮಡಚಬೇಕಾದೀತು. ರೆಕ್ಸಿನ್ ಹೊದಿಸುವ ಮುನ್ನ, ಬರಿಯ ಫೋಮ್ ಮೇಲೆ ಒಂದು ಸುತ್ತು ಓಡಿಸಿ ನೋಡಿ.