ಕಸೂತಿಯ ಬೆನ್ನಿಗೊಂದು ಆಸರೆ

ಹೊಸದರಲ್ಲಿ ಯಂತ್ರದ ಕಸೂತಿಯೆಲ್ಲ ಚೆನ್ನಾಗಿಯೇ ಕಾಣುತ್ತದೆ. ಅದರ ಬಂಡವಾಳ ಬಯಲಾಗುವುದು ಮೊದಲ ಒಗೆತದಲ್ಲಿ. ಟೀ ಶರ್ಟಿನ ಎದೆಯ ಮೇಲೆ ದುಂಡಗಿದ್ದ ಲೋಗೊ ಸೊಟ್ಟಗಾಗಿರುತ್ತದೆ. ಬ್ಲೌಸಿನ ಬೆನ್ನಿನ ನವಿಲಿನ ಸುತ್ತ ಬಟ್ಟೆ ನೆರಿಗೆಗಟ್ಟಿರುತ್ತದೆ. ಹೊಲಿಸಿಕೊಂಡವರು ದಾರವನ್ನು ಬೈಯುತ್ತಾರೆ, ಹೊಲಿದವರು ಯಂತ್ರವನ್ನು. ಬಹಳಷ್ಟು ಸಲ ತಪ್ಪು ಎರಡರದ್ದೂ ಅಲ್ಲ. ಬಟ್ಟೆಯ ಹಿಂದೆ ಇಡಬೇಕಾದ ಹಾಳೆಯನ್ನು ಇಟ್ಟಿರುವುದಿಲ್ಲ, ಇಲ್ಲವೇ ಬೇರಾವುದೋ ಬಟ್ಟೆಗೆ ಹೊಂದುವುದನ್ನು ತಂದು ಇದಕ್ಕೆ ಇಟ್ಟಿರುತ್ತಾರೆ.

ಈ ಹಾಳೆಯೇ ಸ್ಟೆಬಿಲೈಜರ್. ಅಂಗಡಿಯಲ್ಲಿ ಎಂಬ್ರಾಯ್ಡರಿ ಪೇಪರ್, ಬ್ಯಾಕಿಂಗ್ ಎಂದು ಕೇಳಿದರೂ ಕೊಡುತ್ತಾರೆ. ಪೇಪರ್ ಎಂದರೂ ಇದು ಬರೆಯುವ ಕಾಗದವಲ್ಲ. ಹೆಚ್ಚಿನವು ನೇಯದೆ, ಎಳೆಗಳನ್ನು ಒತ್ತಿ ಬೆಸೆದು ಮಾಡಿದ ನಾನ್‌ವೋವನ್ ಬಟ್ಟೆ.

ಕೈಯಲ್ಲಿ ಹಾಕುವ ಕಸೂತಿಗೆ ಇದರ ಹಂಗಿಲ್ಲ. ಧಾರವಾಡದ ಕಡೆಯ ಹೆಣ್ಣುಮಕ್ಕಳು ಬಟ್ಟೆಯ ಎಳೆ ಎಣಿಸಿ ಗೋಪುರ, ತೇರು, ಆನೆ ಬಿಡಿಸುವಾಗ ಬಟ್ಟೆ ಸುಕ್ಕಾಗುತ್ತಿದೆ ಅನ್ನಿಸಿದ ಕೂಡಲೇ ಬೆರಳು ತಾನಾಗಿ ಸಡಿಲವಾಗುತ್ತದೆ. ಯಂತ್ರಕ್ಕೆ ಆ ಅರಿವಿಲ್ಲ. 10 ಸೆಂಟಿಮೀಟರ್ ಚೌಕವೊಂದನ್ನು ದಾರದಿಂದ ತುಂಬಬೇಕೆಂದುಕೊಳ್ಳಿ. ಸಾಲಿನಿಂದ ಸಾಲಿಗೆ 0.4 ಮಿಲಿಮೀಟರ್ ಅಂತರ, ಒಂದೊಂದು ಹೊಲಿಗೆ 4 ಮಿಲಿಮೀಟರ್ ಉದ್ದ ಎಂದರೆ 250 ಸಾಲು, ಒಟ್ಟು 6,250 ಹೊಲಿಗೆ. ನಿಮಿಷಕ್ಕೆ 700 ಹೊಲಿಗೆ ಹಾಕುವ ಯಂತ್ರ ಒಂಬತ್ತೇ ನಿಮಿಷದಲ್ಲಿ ಅಷ್ಟು ಸಲ ಬಟ್ಟೆಯನ್ನು ಚುಚ್ಚುತ್ತದೆ. ಪ್ರತಿ ಸಲವೂ ಮೇಲಿನ ದಾರ, ಬಾಬಿನ್ ದಾರ ಎರಡೂ ಬಟ್ಟೆಯನ್ನು ಒಂದಿಷ್ಟು ಒಳಕ್ಕೆ ಎಳೆಯುತ್ತವೆ. ಹೊಲಿಗೆ ಸಾಗುವ ದಿಕ್ಕಿನಲ್ಲಿ ಬಟ್ಟೆ ಕುಗ್ಗುತ್ತದೆ, ಅಡ್ಡ ದಿಕ್ಕಿನಲ್ಲಿ ಹೊರಕ್ಕೆ ಸರಿಯುತ್ತದೆ. ಹೂವಿನ ಎಸಳಿಗೂ ಅದರ ಸುತ್ತಲಿನ ಗೆರೆಗೂ ನಡುವೆ ಬಿಳಿ ಸಂದು ಕಾಣಿಸಿಕೊಳ್ಳುವುದು ಇದರಿಂದಲೇ. ಈ ಎಳೆತವನ್ನು ಬಟ್ಟೆಯ ಬದಲು ತಾನು ತಾಳಿಕೊಳ್ಳುವುದು ಸ್ಟೆಬಿಲೈಜರ್‌ನ ಕೆಲಸ.

ಆಯ್ಕೆಯ ಸೂತ್ರ ಕಷ್ಟದ್ದಲ್ಲ. ಮೊದಲು ಬಟ್ಟೆಯನ್ನು ಎರಡೂ ಕಡೆಗೆ ಎಳೆದು ನೋಡಬೇಕು. ಹಿಗ್ಗುವ ಬಟ್ಟೆಗೆ ಹಿಂದೆಯೇ ಉಳಿಯುವ ಹಾಳೆ. ಹಿಗ್ಗದ ಬಟ್ಟೆಗೆ ಹರಿದು ತೆಗೆಯುವ ಹಾಳೆ. ಹಿಂಬದಿಯೂ ಕಾಣುವ ತೆಳು ಬಟ್ಟೆಗೆ ನೀರಲ್ಲಿ ಕರಗುವ ಹಾಳೆ. ಉಳಿದದ್ದೆಲ್ಲ ಈ ಮೂರರ ವಿಸ್ತರಣೆ.

ಹಿಂದೆಯೇ ಉಳಿಯುವುದಕ್ಕೆ ಕಟ್‌ಅವೇ ಎನ್ನುತ್ತಾರೆ. ಶಾಲೆಯ ಟೀ ಶರ್ಟ್, ಹೊಸೈರಿ ಬಟ್ಟೆ, ಸ್ವೆಟರ್‌ಗಳಿಗೆ ಇದೇ ಬೇಕು. ಹೆಣೆದ ಬಟ್ಟೆ ತೊಟ್ಟಾಗ, ಒಗೆದಾಗ, ಹಿಂಡಿದಾಗ ಹಿಗ್ಗುತ್ತಲೇ ಇರುತ್ತದೆ. ಆಸರೆಯೂ ಅಷ್ಟು ಕಾಲ ಜೊತೆಗಿರಬೇಕು. ಮಧ್ಯಮ ದಪ್ಪದ ಕಟ್‌ಅವೇ ಚದರ ಮೀಟರಿಗೆ ಸುಮಾರು 85 ಗ್ರಾಂ ತೂಗುತ್ತದೆ. ತಿಳಿಬಣ್ಣದ ತೆಳು ಟೀ ಶರ್ಟಿಗೆ ಅದು ಹಿಂದಿನಿಂದ ಚೌಕವಾಗಿ ಎದ್ದು ಕಾಣುವುದರಿಂದ, ಸುಮಾರು 50 ಗ್ರಾಮಿನ ಮೃದುವಾದ ಮೆಶ್ ಹಾಳೆ ಒಳ್ಳೆಯದು. ಒಂದು ಸಾಲದೆನಿಸಿದರೆ ಎರಡು ಪದರವನ್ನು ಒಂದಕ್ಕೊಂದು ಅಡ್ಡಡ್ಡ ಇಡಬೇಕು. ನಾನ್‌ವೋವನ್ ಹಾಳೆ ಸಾಮಾನ್ಯವಾಗಿ ಒಂದು ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ; ಅಡ್ಡ ಇಟ್ಟಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಕಾಟನ್ ಶರ್ಟಿನ ಬಟ್ಟೆ, ಡೆನಿಮ್, ಕ್ಯಾನ್ವಾಸ್ ಚೀಲಗಳಂಥ ಹಿಗ್ಗದ ಬಟ್ಟೆಗೆ ಟೇರ್‌ಅವೇ, ಅಂದರೆ ಹರಿದು ತೆಗೆಯುವ ಹಾಳೆ ಸಾಕು. ಹೊಲಿಗೆ ಮುಗಿದ ಮೇಲೆ ಎಡಗೈ ಹೆಬ್ಬೆರಳಿನಿಂದ ಕಸೂತಿಯ ಅಂಚನ್ನು ಒತ್ತಿ ಹಿಡಿದು, ಬಲಗೈಯಿಂದ ಹಾಳೆಯನ್ನು ಮೆಲ್ಲಗೆ ಹರಿಯಬೇಕು. ಎರಡು ಪದರವಿದ್ದರೆ ಒಂದಾದ ಮೇಲೊಂದು. ಅವಸರಕ್ಕೆ ಒಟ್ಟಿಗೆ ಜಗ್ಗಿದರೆ ಅಷ್ಟು ಹೊತ್ತು ಕಾಪಾಡಿದ ಹೊಲಿಗೆ ಆ ಗಳಿಗೆಯಲ್ಲೇ ಸೊಟ್ಟಗಾಗುತ್ತದೆ.

ನಮ್ಮಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಗಳಿಗೆ ಬರುವ ಕೆಲಸದಲ್ಲಿ ರೇಷ್ಮೆ ಬ್ಲೌಸ್ ಪೀಸಿನದು ದೊಡ್ಡ ಪಾಲು. ತೊಡಕು ಹೆಚ್ಚಿರುವುದೂ ಅಲ್ಲೇ. ರೇಷ್ಮೆ ಹಿಗ್ಗುವುದಿಲ್ಲ, ಆದರೆ ಜಾರುತ್ತದೆ. ಒತ್ತೊತ್ತಾಗಿ ಜರಿ ಹೊಲಿದರೆ ಬಾಯಿ ಬಿಗಿದ ದಾರದ ಚೀಲದಂತೆ ಮುದುಡಿಕೊಳ್ಳುತ್ತದೆ. ಮೊದಲು ಹಿಂಬದಿಗೆ ತೆಳುವಾದ ಫ್ಯೂಸಿಂಗ್ ಅನ್ನು ಹದವಾದ ಇಸ್ತ್ರಿಯಲ್ಲಿ ಅಂಟಿಸಿ, ಅದರ ಕೆಳಗೆ ಮೆಶ್ ಕಟ್‌ಅವೇ ಇಟ್ಟರೆ ಈ ಕಾಟ ಬಹುಪಾಲು ತಪ್ಪುತ್ತದೆ. ಬ್ಲೌಸಿಗೆ ಹೇಗೂ ಲೈನಿಂಗ್ ಬರುವುದರಿಂದ ಒಳಗೆ ಉಳಿದ ಹಾಳೆ ಮೈಗೆ ಚುಚ್ಚುವುದಿಲ್ಲ. ಇಸ್ತ್ರಿಯ ಬಿಸಿಗೆ ಬಣ್ಣ, ಹೊಳಪು ತಡೆಯುತ್ತವೆಯೇ ಎಂಬುದನ್ನು ಮಾತ್ರ ಮೂಲೆಯ ತುಂಡಿನಲ್ಲಿ ಮೊದಲೇ ನೋಡಿಕೊಳ್ಳಬೇಕು.

ನೆಟ್ ದುಪಟ್ಟಾ, ಆರ್ಗಂಜಾ ಸೀರೆಗಳ ಕಥೆಯೇ ಬೇರೆ. ಇಲ್ಲಿ ಹಿಂಬದಿಯೂ ಮುಂಬದಿಯಷ್ಟೇ ಕಾಣುತ್ತದೆ. ಒಂದು ಚೂರು ಹಾಳೆ ಉಳಿದರೂ ಅಂದಗೇಡು. ಇದಕ್ಕಿರುವುದು ನೀರಿನಲ್ಲಿ ಕರಗುವ ಹಾಳೆ. 1924ರಲ್ಲಿ ಜರ್ಮನಿಯ ವಿಲ್ಲಿ ಹೆರ್ಮನ್ ಮತ್ತು ವೋಲ್ಫ್ರಾಮ್ ಹೇನೆಲ್ ಮೊದಲು ತಯಾರಿಸಿದ ಪಾಲಿವಿನೈಲ್ ಆಲ್ಕೋಹಾಲ್ ಎಂಬ ವಸ್ತುವಿನಿಂದ ಇಂಥ ಹಾಳೆಗಳನ್ನು ಮಾಡುತ್ತಾರೆ.

ಹೊಲಿದ ಮೇಲೆ ತಳಬಟ್ಟೆಯನ್ನೇ ಕರಗಿಸುವ ಉಪಾಯ ಅದಕ್ಕಿಂತಲೂ ಹಳೆಯದು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಪ್ರದೇಶದಲ್ಲೂ ಜರ್ಮನಿಯ ಪ್ಲಾವೆನ್‌ನಲ್ಲೂ 1880ರ ದಶಕದಲ್ಲಿ ರೇಷ್ಮೆ ಬಟ್ಟೆಯ ಮೇಲೆ ಹತ್ತಿಯ ದಾರದಿಂದ ಯಂತ್ರದಲ್ಲಿ ಕಸೂತಿ ಹಾಕಿ, ಬಳಿಕ ಅದನ್ನು ಕಾಸ್ಟಿಕ್ ಸೋಡಾದಂಥ ರಾಸಾಯನಿಕದಲ್ಲಿ ಅದ್ದುತ್ತಿದ್ದರು. ರೇಷ್ಮೆ ಕರಗಿ ಹೋಗಿ ಹತ್ತಿಯ ಲೇಸ್ ಮಾತ್ರ ಉಳಿಯುತ್ತಿತ್ತು. ಪ್ಲಾವೆನ್ ಲೇಸ್ 1900ರ ಪ್ಯಾರಿಸ್ ವಿಶ್ವ ಮೇಳದಲ್ಲಿ ಅತ್ಯುನ್ನತ ಬಹುಮಾನ ಗೆದ್ದಿತು. ಅಂದು ಕಾರ್ಖಾನೆಯ ತೊಟ್ಟಿಯಲ್ಲಿ ನಡೆಯುತ್ತಿದ್ದುದು ಇಂದು ಮನೆಯ ಬೋಗುಣಿಯಲ್ಲಿ ಬರೀ ನೀರಿನಿಂದ ಆಗುತ್ತದೆ. ಕಿವಿಯೋಲೆ, ಬ್ಲೌಸಿನ ತೋಳಿನಂಚಿನ ಲೇಸ್ ಮಾಡುವವರು ಬಟ್ಟೆಯಂತೆ ಎಳೆಎಳೆಯಾಗಿರುವ ಕರಗುವ ಹಾಳೆಯನ್ನು ಎರಡು ಪದರ ಹಾಕಿ ಹೊಲಿಯುತ್ತಾರೆ. ಪ್ಲಾಸ್ಟಿಕ್ಕಿನಂಥ ತೆಳು ಫಿಲ್ಮ್ ಅಷ್ಟು ಚುಚ್ಚುವಿಕೆಗೆ ತಡೆಯದೆ ಹರಿಯುತ್ತದೆ.

ಆ ಫಿಲ್ಮಿನ ಜಾಗ ಬಟ್ಟೆಯ ಮೇಲೆ. ಟರ್ಕಿ ಟವೆಲ್ಲಿನ ಮೇಲೆ ಹೆಸರು ಬರೆಸಿದರೆ ನೂಲಿನ ಕುಣಿಕೆಗಳು ಅಕ್ಷರದ ನಡುವೆ ತಲೆ ಎತ್ತುತ್ತವೆ, ಹೊಲಿಗೆ ಒಳಗೆ ಹೂತುಹೋಗುತ್ತದೆ. ಮೇಲೊಂದು ಫಿಲ್ಮ್ ಹಾಸಿ ಹೊಲಿದರೆ ಕುಣಿಕೆಗಳು ಅಡಗಿ, ಅಕ್ಷರ ಸ್ಪಷ್ಟವಾಗಿ ನಿಲ್ಲುತ್ತದೆ. ಮಖಮಲ್ಲಿಗೂ ಇದೇ ಉಪಾಯ. ಆದರೆ ಮಖಮಲ್ಲನ್ನು ಹೊಲಿಯುವಾಗ ಬಟ್ಟೆ ಹಿಡಿದಿಡುವ ಫ್ರೇಮಿನಲ್ಲಿ ಬಿಗಿದರೆ ಉಂಗುರದ ಗುರುತು ಹೋಗುವುದು ಕಷ್ಟ. ಅಂಟುಳ್ಳ ಹಾಳೆಯನ್ನಷ್ಟೇ ಫ್ರೇಮಿಗೆ ಬಿಗಿದು, ಬಟ್ಟೆಯನ್ನು ಅದರ ಮೇಲೆ ಒತ್ತಿ ಕೂರಿಸುವುದು ಜಾಣತನ.

ಕರಗುವ ಹಾಳೆಗೆ ಶತ್ರು ನಮ್ಮ ಮಳೆಗಾಲ. ಕರಾವಳಿ, ಮಲೆನಾಡಿನ ಹಸಿ ಗಾಳಿಗೆ ಅದು ಮೆತ್ತಗಾಗಿ ಅಂಟಂಟಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ನೀರು ತಾಗಬಾರದ ಬಟ್ಟೆಗೆ ಇದನ್ನು ಬಳಸುವಂತೆಯೂ ಇಲ್ಲ.

ಹಾಳೆ ಸರಿಯಿದ್ದರೂ ಫ್ರೇಮ್ ಕಟ್ಟುವುದು ತಪ್ಪಿದರೆ ಎಲ್ಲ ವ್ಯರ್ಥ. ಹಾಳೆಯನ್ನು ಫ್ರೇಮಿಗಿಂತ ಸುತ್ತಲೂ ಒಂದು ಇಂಚು ದೊಡ್ಡದಾಗಿ ಕತ್ತರಿಸಿ, ನಾಲ್ಕೂ ಬದಿ ಹಿಡಿತಕ್ಕೆ ಸಿಗುವಂತೆ ಬಿಗಿಯಬೇಕು. ಹಾಳೆ ಬಿಗಿಯಾಗಿರಲಿ, ಬಟ್ಟೆ ಸುಕ್ಕಿಲ್ಲದೆ ಸಮನಾಗಿದ್ದರೆ ಸಾಕು. ಟೀ ಶರ್ಟನ್ನು ಎಳೆದು ಬಿಗಿದರೆ ಹೊಲಿಯುವಾಗ ಚಂದ ಕಾಣುತ್ತದೆ. ಫ್ರೇಮ್ ಬಿಚ್ಚಿದೊಡನೆ ಬಟ್ಟೆ ತನ್ನ ಅಳತೆಗೆ ಮರಳುತ್ತದೆ, ದಾರ ಮರಳುವುದಿಲ್ಲ. ಮುಗಿದ ಮೇಲೆ ಕಟ್‌ಅವೇ ಹಾಳೆಯನ್ನು ಹೊಲಿಗೆಯಿಂದ ಅರ್ಧ ಸೆಂಟಿಮೀಟರ್‌ನಷ್ಟು ಬಿಟ್ಟು, ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಮಗುವಿನ ಅಂಗಿಯಾದರೆ ಅದರ ಮೇಲೆ ಮೃದುವಾದ ತೆಳು ಫ್ಯೂಸಿಂಗ್ ಒಂದನ್ನು ಇಸ್ತ್ರಿ ಮಾಡಿ ಮುಚ್ಚುವುದು ಒಳ್ಳೆಯದು.

ಖರ್ಚು ಉಳಿಸಲು ಹಳೆಯ ದಿನಪತ್ರಿಕೆಯನ್ನೋ ಕಾಲರಿನ ಬಕ್ರಮ್ಮನ್ನೋ ಇಡುವವರಿದ್ದಾರೆ. ಪತ್ರಿಕೆ ಕೆಲವೇ ಹೊಲಿಗೆಗೆ ಹರಿದು ಚಿಂದಿಯಾಗುತ್ತದೆ, ಅದರ ಮಸಿ ತಿಳಿಬಣ್ಣದ ಬಟ್ಟೆಗೆ ಹತ್ತುತ್ತದೆ. ಗಂಜಿ ಹಾಕಿದ ಬಕ್ರಂ ಒಗೆದಾಗ ಗಂಜಿ ಬಿಟ್ಟು ಮೆತ್ತಗಾಗುತ್ತದೆ. ಅಲ್ಲಿಗೆ ಆಸರೆಯೂ ಹೋಯಿತು. ಕೂಲಿ, ದಾರ, ಬಟ್ಟೆಯ ಬೆಲೆಯ ಮುಂದೆ ಹಾಳೆಯ ಖರ್ಚು ಅಲ್ಪ. ಉಳಿತಾಯ ಮಾಡಬೇಕಾದ ಜಾಗ ಇದಲ್ಲ.

ಮುಂದಿನ ಸಲ ಬ್ಲೌಸ್ ಪೀಸ್ ಕೊಡುವಾಗ ಡಿಸೈನಿನ ರೇಟಿನ ಜೊತೆಗೆ ‘ಹಿಂದೆ ಏನು ಹಾಕ್ತೀರಿ?’ ಎಂದೂ ಒಂದು ಮಾತು ಕೇಳಿ. ಸ್ವಂತ ಯಂತ್ರವಿದ್ದರೆ ಅದೇ ಬಟ್ಟೆಯ ತುಂಡಿನ ಮೇಲೆ ಅದೇ ಹಾಳೆ ಇಟ್ಟು ಡಿಸೈನಿನ ಒಂದು ಭಾಗ ಹೊಲಿದು, ಒಗೆದು, ಒಣಗಿಸಿ ನೋಡಿ. ತುಂಡು ಸಮನಾಗಿ ನಿಂತರೆ ಮಾತ್ರ ಸೀರೆಗೆ ಕೈ ಹಾಕಿ.